ಪುಟದಕ್ಕನ ಕೊನೆಯ ಪಟ್ಟಿ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಪಕ್ಕದ ಮೇಜಿನವರಿಗೆ ಹುಡುಗರು ಇಟ್ಟ ಹೆಸರು ಪುಟದಕ್ಕ. ಇಪ್ಪತ್ತೆರಡು ವರ್ಷದಿಂದ ಅವರು ಪುಸ್ತಕ ಜೋಡಿಸಿದ್ದಾರೆ, ಧೂಳು ಕೊಡವಿದ್ದಾರೆ, ಹರಟುವವರನ್ನು ಗದರಿಸಿದ್ದಾರೆ. ಹೆಸರು ಮಾತ್ರ ಗೋಡೆಯ ಮೇಲಿದ್ದ ಒಂದು ಪಟ್ಟಿಯಿಂದ ಬಂದದ್ದು.

ಸಂಖ್ಯಾಶಾಸ್ತ್ರಕ್ಕೆ ದಿಂಬಿನಷ್ಟು ದಪ್ಪದ ಪಠ್ಯಪುಸ್ತಕವೊಂದಿತ್ತು. ಅದನ್ನು ಅಚ್ಚು ಹಾಕುವವರು ಎರಡು ಮೂರು ವರ್ಷಕ್ಕೊಮ್ಮೆ ಒಳಗಿನ ಲೆಕ್ಕಗಳನ್ನು ಇಸ್ಪೀಟೆಲೆಯ ಹಾಗೆ ಕಲಸಿ, ಹೊಸ ರಟ್ಟು ಹೊದಿಸಿ, ಹೊಸ ಆವೃತ್ತಿ ಎಂದು ಮಾರುತ್ತಿದ್ದರು. ನನ್ನನ್ನು ಕೇಳಿದರೆ ಅದು ಹಾಡಹಗಲ ದರೋಡೆ. ಮೇಷ್ಟ್ರು ಹೊಸದನ್ನು ನೋಡಿಕೊಂಡು, "ಇನ್ನೂರ ಹದಿನಾಲ್ಕನೇ ಪುಟ, ಆರನೇ ಲೆಕ್ಕ" ಎನ್ನುವರು. ಅಣ್ಣನದೋ ಚಿಕ್ಕಮ್ಮನದೋ ಹಳೆಯ ಪುಸ್ತಕ ಹಿಡಿದು ಬಂದವರು ಕಣ್ಣುಕಣ್ಣು ಬಿಡುವರು. ಅವರಿಗಾಗಿ ಅಕ್ಕ ಎಲ್ಲ ಆವೃತ್ತಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಯಾವ ಲೆಕ್ಕ ಯಾವುದರಲ್ಲಿ ಎಷ್ಟನೇ ಪುಟಕ್ಕೆ ಓಡಿಹೋಗಿದೆ ಎಂದು ಪತ್ತೆಹಚ್ಚಿ, ಆಳೆತ್ತರದ ರಟ್ಟಿನ ಮೇಲೆ ಬರೆದು ತೂಗುಹಾಕುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಸಾಲು ಹೊಸ ಆವೃತ್ತಿಗೆ, ಕೆಳಗಿಳಿದಷ್ಟೂ ಹಳೆಯವಕ್ಕೆ. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ ಅದು.

ಹನ್ನೊಂದು ವರ್ಷದ ಹಿಂದೆ ಒಬ್ಬ ಹುಡುಗಿ ವರ್ಷದ ಅಂಕಕ್ಕೆ ಸೇರುವ ಲೆಕ್ಕದ ಬದಲು ಬೇರೆ ಯಾವುದೋ ಲೆಕ್ಕ ಬಿಡಿಸಿ ತಂದು ಸೊನ್ನೆ ತಗೊಂಡಳು. "ಗ್ರಂಥಾಲಯದ ಪಟ್ಟೀಲಿ ತಪ್ಪಿತ್ತು ಸರ್" ಎಂದಳಂತೆ. ಮೇಷ್ಟ್ರು ನೇರವಾಗಿ ಇಲ್ಲಿಗೇ ಬಂದು, ಎಲ್ಲರ ಎದುರಿಗೆ ಅಕ್ಕನ ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು. ಅವರು ಹೋದ ಮೇಲೆ ಅಕ್ಕ ಪಟ್ಟಿಯನ್ನು ಕಿತ್ತು, ಹರಿದು, ಕಸದ ಬುಟ್ಟಿಗೆ ಹಾಕಿದರು.

"ತಪ್ಪು ಎಲ್ಲಿದೆ ಅಂತ ನೋಡಿದ್ರಾ ಅಕ್ಕಾ?" ಎಂದು ಕೇಳಿದೆ.

"ನೋಡೋಷ್ಟು ಧೈರ್ಯ ನಂಗಿಲ್ಲಪ್ಪಾ. ಒಂದು ಮಗೂನ ವರ್ಷ ಹಾಳುಮಾಡಿದೆ" ಎಂದರು.

ಹೊಸ ಪಟ್ಟಿ ಬರೆಯಲು ಕುಳಿತಾಗಿನಿಂದ ಒಂದೊಂದು ಅಂಕಿಯನ್ನೂ ಮೂರು ಸಲ ತಾಳೆ ನೋಡುವುದು ಶುರುವಾಯಿತು. ಮೂರನೆಯ ಸಲ ನಾನು ಗಟ್ಟಿಯಾಗಿ ಓದಬೇಕು, ಅವರು ಬೆರಳಿಟ್ಟು ನೋಡಬೇಕು. ನನ್ನ ಗಂಟಲು ಅದಕ್ಕೆ ಸಾಕ್ಷಿ.

ಆ ಹುಡುಗಿ ಹೇಗೋ ದಡ ಸೇರಿ, ಮೂರು ವರ್ಷದ ಹಿಂದೆ ಸಂಖ್ಯಾಶಾಸ್ತ್ರ ಕಲಿಸಲು ಇಲ್ಲಿಗೇ ಬಂದಳು. ಅವಳನ್ನು ಕಂಡರೆ ಅಕ್ಕ ಸಾಲಗಾರರ ಹಾಗೆ ಕುಗ್ಗುವರು. ಕಿಟಕಿ ಪಕ್ಕದ ಕುರ್ಚಿಯನ್ನು ಒರೆಸಿ ಕಾದಿರಿಸುವರು. ಅವಳೋ ಆ ಗೋಡೆಯ ಕಡೆ ತಲೆ ಎತ್ತಿಯೂ ನೋಡಳು. ಜಂಭ ಎಂದುಕೊಂಡಿದ್ದೆ ನಾನು.

ಈ ವರ್ಷ ಒಂಬತ್ತನೇ ಆವೃತ್ತಿ ಬರುತ್ತದೆ ಎಂಬ ಸುದ್ದಿ ಬಂತು. ಅಕ್ಕನ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದು ಮಂಜಾಗಿದೆ. ಮೂರು ಯಾವುದು, ಎಂಟು ಯಾವುದು ಎಂದು ನನ್ನನ್ನೇ ಕೇಳುವ ಸ್ಥಿತಿ. "ಈ ಸಲ ತಪ್ಪಾಗೇ ಆಗುತ್ತೆ, ಇನ್ನೊಂದು ಮಗೂಗೆ ನನ್ನಿಂದ ಅನ್ಯಾಯ ಆಗುತ್ತೆ" ಎಂದು ಊಟದ ಡಬ್ಬಿಯನ್ನು ಹಾಗೇ ಮುಚ್ಚಿಡುತ್ತಿದ್ದರು. ನೋಡಿ ನನಗೆ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಆ ಹುಡುಗಿಯೇ, ಈಗಿನ ಮೇಡಂ, ಒಂದು ಹೊಸ ಪುಸ್ತಕ ತಂದರು. ಹತ್ತಾರು ಕಾಲೇಜಿನ ಅಧ್ಯಾಪಕರು ಸೇರಿ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು. ಫೋನಿನಲ್ಲಿ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ನಮ್ಮದೇ ಉದಾಹರಣೆ ಸೇರಿಸಬಹುದು, ಯಾರ ಅಪ್ಪಣೆಯೂ ಬೇಡ. ವಿಭಾಗದ ಸಭೆಯಲ್ಲಿ ಹಿರಿಯ ಮೇಷ್ಟ್ರೊಬ್ಬರು ಮೂಗು ಮುರಿದರಂತೆ. "ಪುಕ್ಕಟೆ ಪುಸ್ತಕದಲ್ಲಿ ಏನಮ್ಮಾ ಇರುತ್ತೆ?"

"ಓದಿ ನೋಡಿ ಸರ್. ಅದೂ ಪುಕ್ಕಟೆನೇ."

ಅವರು ಒಂದು ವಾರ ಓದಿ, ಕೊನೆಗೆ ಅದನ್ನೇ ಪಠ್ಯವಾಗಿ ಒಪ್ಪಿ ಸಹಿ ಹಾಕಿದರು. ಫೋನು ಇಲ್ಲದವರಿಗೆಂದು ಅಚ್ಚು ಹಾಕಿಸಿದ ಹತ್ತು ಪ್ರತಿಗಳನ್ನು ಮೇಡಂ ತಾವೇ ಹೊತ್ತುಕೊಂಡು ನಮ್ಮಲ್ಲಿಗೆ ಬಂದರು.

"ಹಾಗಾದ್ರೆ ಪಟ್ಟಿ?" ಎಂದರು ಅಕ್ಕ.

"ಬೇಡ ಅಕ್ಕಾ. ಇನ್ಮೇಲೆ ಎಲ್ರ ಹತ್ರನೂ ಒಂದೇ ಪುಸ್ತಕ."

ಅಕ್ಕ ಕುರ್ಚಿಯ ಮೇಲೆ ಕುಸಿದು ಕುಳಿತು ಬಿಟ್ಟ ನಿಟ್ಟುಸಿರು ನನ್ನ ಮೇಜಿಗೂ ಕೇಳಿಸಿತು. ನನ್ನ ಎದೆಯ ಭಾರವೂ ಇಳಿಯಿತು.

ಪಟ್ಟಿ ಇಳಿಸುವಾಗ ಒಂದು ತುದಿ ಅಕ್ಕ ಹಿಡಿದರು, ಇನ್ನೊಂದು ಮೇಡಂ. ಅಕ್ಕನಿಗೆ ತಡೆಯಲಾಗಲಿಲ್ಲ. "ಮೇಡಂ, ಅವತ್ತು ನನ್ನ ಪಟ್ಟಿಯಿಂದ ನಿಮಗೆ..."

"ನಿಮ್ಮ ಪಟ್ಟಿ ಸರಿಯಾಗೇ ಇತ್ತಕ್ಕಾ."

ಮೇಡಂ ಪಟ್ಟಿಯ ಕೊನೆಯ ಸಾಲನ್ನು ತೋರಿಸಿದರು.

"ನಂದು ಮೊದಲನೇ ಆವೃತ್ತಿ, ನಮ್ಮ ಸೋದರತ್ತೆ ಓದಿದ್ದು. ಅದರ ಸಾಲು ಎಲ್ಲಕ್ಕಿಂತ ಕೆಳಗಿತ್ತು. ನೋಡ್ಬೇಕಂದ್ರೆ ಕುಕ್ಕರಗಾಲಲ್ಲಿ ಕೂರ್ಬೇಕು. ಜೊತೆಗಿದ್ದವರೆಲ್ಲ ನಿಂತ್ಕೊಂಡೇ ಬರ್ಕೊಳ್ತಿದ್ರು. ನಂಗೆ ನಾಚಿಕೆ ಆಯ್ತು. ನಾನೂ ನಿಂತ್ಕೊಂಡು ಮೇಲಿನ ಸಾಲು ಬರ್ಕೊಂಡೆ. ಆಮೇಲೆ ಒಬ್ಳೇ ಬಂದು ನಂದು ನೋಡ್ಕೊಳ್ಳೋಣ ಅಂತ. ಬರೋ ಹೊತ್ತಿಗೆ ಬಾಗಿಲು ಹಾಕಿತ್ತು. ಬರ್ಕೊಂಡಿದ್ದ ಪುಟದ ಲೆಕ್ಕವನ್ನೇ ನನ್ನ ಪುಸ್ತಕದಿಂದ ಮಾಡ್ಬಿಟ್ಟೆ. ಬೆಳಿಗ್ಗೆ ಮೇಷ್ಟ್ರು ಕೇಳಿದಾಗ ಸುಳ್ಳು ಹೇಳ್ಬಿಟ್ಟೆ. ಬಂದು ಹೇಳ್ಬೇಕು ಅಂತ ಮೂರು ವರ್ಷದಿಂದ..." ಮೇಡಂ ಅಳುತ್ತಿದ್ದರು.

"ಹನ್ನೊಂದು ವರ್ಷ ಕಣೇ!" ಎಂದರು ಅಕ್ಕ. ಮೇಡಂ ಗೀಡಂ ಎಲ್ಲ ಮರೆತುಹೋಗಿತ್ತು. "ಹನ್ನೊಂದು ವರ್ಷ ನಂಗೆ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ. ಈ ಪುಣ್ಯಾತ್ಮನ ಪ್ರಾಣ ಬೇರೆ ತಿಂದಿದೀನಿ!" ಎಂದು ನನ್ನತ್ತ ಕೈ ಮಾಡಿದವರೇ ನಗತೊಡಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅಷ್ಟು ಹಗುರಾಗಿ ಅವರು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

ನಗು ನಿಂತ ಮೇಲೆ ಅಕ್ಕ ಪಟ್ಟಿಯನ್ನು ನೆಲಕ್ಕೆ ಹಾಸಿ, ಕೊನೆಯ ಸಾಲಿನ ಮೇಲೆ ಬೆರಳಾಡಿಸಿದರು.

"ಹಳೇದನ್ನ ಮೇಲೆ ಬರೀಬೇಕಿತ್ತು ನಾನು. ಹೊಳೀಲೇ ಇಲ್ವಲ್ಲ ನಂಗೆ" ಎನ್ನುತ್ತ ಅಕ್ಕ ಮೇಡಂ ಅವರ ತಲೆ ಸವರಿದರು.

ಮರುದಿನ ಬೆಳಿಗ್ಗೆ ಒಬ್ಬ ಹುಡುಗಿ ಅಭ್ಯಾಸಬಲದಿಂದ ಬರಿಗೋಡೆಯ ಮುಂದೆ ಬಂದು ನಿಂತಳು. "ಅಕ್ಕಾ, ಇವತ್ತಿನ ಲೆಕ್ಕ ನನ್ನ ಪುಸ್ತಕದಲ್ಲಿ ಎಷ್ಟನೇ ಪುಟ?"

"ಎಪ್ಪತ್ತೊಂದು" ಎಂದರು ಅಕ್ಕ, ಡಬ್ಬಿಯ ಮುಚ್ಚಳ ತೆರೆಯುತ್ತ. "ನಿಂಗೂ ಎಪ್ಪತ್ತೊಂದು, ಎಲ್ರಿಗೂ ಎಪ್ಪತ್ತೊಂದೇ ಕಣಮ್ಮಾ."