ಉಚ್ಚಂಗಪ್ಪನವರಿಗೆ ಕೇಳಿಸದ ಹಕ್ಕಿ

ಶಿಕಾರಿಪುರದ ಉಚ್ಚಂಗಪ್ಪನವರು ಮೂವತ್ತೊಂದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದಾರೆ. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ನೆಲಕ್ಕೆ ಚೆಲ್ಲಿದ ಕಾಳನ್ನು ಸಂಜೆ ಗುಡಿಸಿ, ಬೇವಿನ ಮರಕ್ಕೆ ತೂಗುಹಾಕಿದ ಹಳೆಯ ಜರಡಿಗೆ ಸುರಿಯುತ್ತಿದ್ದರು. ಹಕ್ಕಿಗಳು ಬಂದು ತಿನ್ನುತ್ತಿದ್ದವು. ಎಷ್ಟು ಬರುತ್ತವೆ, ಯಾವ್ಯಾವುದು ಬರುತ್ತದೆ ಎಂದು ಅವರು ಯೋಚಿಸಿದವರಲ್ಲ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸಂಗೀತ ಮೇಡಂ ಡಿಸೆಂಬರಿನಲ್ಲಿ ರಾಗಿ ಬೀಸಿಸಲು ಬಂದವರು ಹಿತ್ತಲು ನೋಡಿ ಹಕ್ಕಿ ಗಣತಿಯ ಒಂದು ಹಾಳೆ ಕೊಟ್ಟರು. ಚಳಿಗಾಲ ಮುಗಿಯುವವರೆಗೆ ದಿನಾ ಬೆಳಿಗ್ಗೆ ಹದಿನೈದು ನಿಮಿಷ ಹಕ್ಕಿ ಎಣಿಸಿ ಬರೆಯಬೇಕು.

“ಒಂದೇ ಗುಬ್ಬಿ ಹತ್ತು ಸಲ ಬಂದ್ರೆ ಹತ್ತು ಅಂತ ಬರೀಲೇನ್ರೀ ಮೇಡಂ?”

“ಇಲ್ಲ ರೀ. ಒಟ್ಟಿಗೇ ಎಷ್ಟು ಕಾಣ್ತವೋ, ಅದರಲ್ಲಿ ಹೆಚ್ಚಿನ ಲೆಕ್ಕ ಬರೀರಿ ಸಾಕು.”

ಮರುದಿನದಿಂದ ಉಚ್ಚಂಗಪ್ಪನವರು ಕುರ್ಚಿ ಹಾಕಿಕೊಂಡು ಕೂತರು. ಗುಬ್ಬಿ ಇಪ್ಪತ್ಮೂರು, ಗೊರವಂಕ ಆರು, ಪಿಕಳಾರ ಎರಡು. ಗುಬ್ಬಿಗಳು ಜೋಳ ಬಿಟ್ಟು ನವಣೆಯನ್ನೇ ಹೆಕ್ಕುವುದೇಕೆ? ಮಡಿವಾಳ ಹಕ್ಕಿ ಕಾಳು ಮುಟ್ಟುವುದಿಲ್ಲ, ಆದರೂ ಬರುವುದೇಕೆ? ಗಿರಣಿಗೆ ಬಂದವರನ್ನೆಲ್ಲ ಕೇಳತೊಡಗಿದರು.

ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಗುಡ್ಡಮ್ಮ, “ರೀ, ಮೇಲೆ ಕೂಗ್ತೈತಲ್ಲ, ಅದನ್ನ ಬರಕೊಂಡ್ರಾ?” ಎಂದರು.

“ಯಾವುದು?”

“ಅದೇ, ಚಿಸ್ವೀ ಚಿಸ್ವೀ ಅಂತೈತಲ್ಲ. ದೀಪಾವಳಿಯಿಂದ ಕೂಗ್ತೈತೆ.”

ಉಚ್ಚಂಗಪ್ಪನವರು ಕಿವಿಗೊಟ್ಟರು. ಏನೂ ಇಲ್ಲ. ಹೆಂಡತಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ಆದರೆ ಶನಿವಾರ ಬಂದ ಸಂಗೀತ ಮೇಡಂ ಮರದ ಕೆಳಗೆ ನಿಂತವರೇ, “ಇದು ಉಲಿಯಕ್ಕಿ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರುತ್ತೆ. ಎಷ್ಟು ಚೆನ್ನಾಗಿ ಕೂಗ್ತಿದೆ” ಎಂದರು. ಇಬ್ಬರಿಗೆ ಕೇಳುತ್ತಿದ್ದದ್ದು ತನಗೊಬ್ಬನಿಗೆ ಕೇಳುತ್ತಿಲ್ಲ. ಗಿರಣಿಯ ಸದ್ದು ಕಿವಿಯಿಂದ ಏನನ್ನೋ ಒಯ್ದಿದೆ ಎಂದು ಅವರಿಗೆ ಅಂದು ಗೊತ್ತಾಯಿತು.

ಕೇಳಿದ್ದನ್ನೂ ಬರೆಯಬಹುದು ಎಂದು ಮೇಡಂ ಹೇಳಿದರೂ ಅವರು ಒಪ್ಪಲಿಲ್ಲ. “ನಾನು ಕಾಣದ್ದನ್ನ ಹೆಂಗ್ ಬರೀಲಿ? ನೋಡ್ತೀನಿ ತಡೀರಿ.”

ಒಂಬತ್ತು ದಿನ ನೋಡಿದರು. ಗುಡ್ಡಮ್ಮ ಒದ್ದೆ ಕೈಯಲ್ಲೇ ಕೊಂಬೆ ತೋರಿಸುತ್ತಿದ್ದರು, ಅವರಿಗೆ ಬರೀ ಎಲೆ ಕಾಣುತ್ತಿತ್ತು. ಹತ್ತನೆಯ ದಿನ ಗುಡ್ಡಮ್ಮ ಪಾತ್ರೆ ಬಿಟ್ಟು ಪಕ್ಕದಲ್ಲೇ ಬಂದು ಕೂತರು. ಗಾಳಿಯಿರಲಿಲ್ಲ, ಆದರೂ ಒಂದು ಎಲೆ ಅಲುಗಿತು. ಗುಬ್ಬಿಗಿಂತ ಚಿಕ್ಕದಾದ ಹಸಿರು ಹಕ್ಕಿ, ಕಣ್ಣಿನ ಮೇಲೆ ಹುಬ್ಬಿನಂಥ ಬಿಳಿ ಗೆರೆ. ಅದು ಕೊಕ್ಕು ತೆರೆಯಿತು.

“ಈಗ ಕೂಗ್ತಾ?”

“ಕೂಗ್ತು.”

ಕೊಕ್ಕು ಮತ್ತೆ ತೆರೆಯಿತು. ಉಚ್ಚಂಗಪ್ಪನವರು ಬೆರಳೆತ್ತಿದರು.

“ಹೂಂ, ಕೂಗ್ತು.”

ಹಾಗೆ ಏಳು ಸಲ. ಒಂದು ಸಲವೂ ತಪ್ಪಲಿಲ್ಲ. ಹಾಳೆಯಲ್ಲಿ ‘ಉಲಿಯಕ್ಕಿ, ಒಂದು’ ಎಂದು ಬರೆದರು. ಎಣಿಸಿದವರ ಹೆಸರಿನ ಜಾಗದಲ್ಲಿ ತಮ್ಮದರ ಕೆಳಗೆ ಹೆಂಡತಿಯ ಹೆಸರನ್ನೂ ಸೇರಿಸಿದರು.

ಆಮೇಲೆ ಶಿವಮೊಗ್ಗಕ್ಕೆ ಹೋಗಿ ಕಿವಿ ತೋರಿಸಿದರು. ಕೀರಲು ದನಿ ಕೇಳುವ ಶಕ್ತಿ ಹೋಗಿದೆ, ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಕಿವಿಗೆ ಮಿಷನ್ ಹಾಕಿದ ಮೇಲೆ ಗುಬ್ಬಿಗಳ ಗಲಾಟೆ ಜೋರಾಗಿ ಕೇಳಿತು, ಉಲಿಯಕ್ಕಿ ಮಾತ್ರ ಕೇಳಲಿಲ್ಲ. ಅದಕ್ಕೆ ಅವರು ತುಂಬಾ ಬೇಸರಿಸಲಿಲ್ಲ. “ಇವತ್ತು ಹೆಂಗ್ ಕೂಗ್ತೈತೆ? ನಿನ್ನೆಯಂಗೇನಾ?” ಎಂದು ಹೆಂಡತಿಯನ್ನು ಕೇಳುತ್ತಿದ್ದರು.

ಏಪ್ರಿಲಿನಲ್ಲಿ ಗುಡ್ಡಮ್ಮ, “ಮೂರು ದಿನ ಆತು, ಕೂಗಿಲ್ಲ” ಎಂದರು. ಉಚ್ಚಂಗಪ್ಪನವರು ಮೇಡಂಗೆ ಫೋನ್ ಹಚ್ಚಿ ಹೆಂಡತಿಯ ಕೈಗೆ ಕೊಟ್ಟರು.

“ಕೇಳು, ಹಿಮಾಲಯ ಮುಟ್ಟಾಕೆ ಅದಕ್ಕೆ ಎಷ್ಟು ದಿನ ಬೇಕಂತೆ? ದಾರೀಲಿ ಏನು ತಿಂತೈತಂತೆ?”

ಗುಡ್ಡಮ್ಮ ಕೇಳಿದರು. ಅತ್ತ ಮೇಡಂ ನಕ್ಕರು. “ನನಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮಾ. ಓದಿ ಹೇಳ್ತೀನಿ.”