ರೈಲು ನಿಂತಿದೆ ಎಂದ ದಿನ

ಇದು ಕೆಲವು ವರ್ಷಗಳ ಹಿಂದಿನ ಅರೇಬಿಕಾ ಕೊಯ್ಲಿನ ಮಾತು. ಜಾವಳಿಯ ಹತ್ತಿರ ನಮ್ಮದು ಆರು ಎಕರೆಯ ಸಣ್ಣ ತೋಟ. ದೊಡ್ಡ ಎಸ್ಟೇಟುಗಳಲ್ಲಿ ಆಳುಗಳ ಹಾಜರಿ ಬರೆಯಲು ರೈಟರ್, ಕೆಲಸ ಮಾಡಿಸಲು ಮೇಸ್ತ್ರಿ ಇರುತ್ತಾರೆ. ನಮ್ಮಲ್ಲಿ ಎರಡೂ ನಾನೇ; ಒಲೆಯ ಕೆಲಸ ಮುಗಿಸಿ ಹಾಜರಿ ಪುಸ್ತಕ ಹಿಡಿಯುವುದು. ಇಪ್ಪತ್ತು ಸುಗ್ಗಿ ಹೀಗೇ ಕಳೆದಿವೆ. ಯಾರಿಗೂ ಹಾವು ಕಚ್ಚಲಿಲ್ಲ, ಯಾರೂ ಮರದಿಂದ ಬೀಳಲಿಲ್ಲ. ಅದು ಹೊರನಾಡಿನ ಅಮ್ಮನ ದಯೆ.

ಆ ವರ್ಷ ಅಸ್ಸಾಮಿನಿಂದ ಹನ್ನೆರಡು ಜನ ಬಂದಿದ್ದರು. ಅವರಲ್ಲಿ ರೂಪಾಲಿ ಎಂಬವಳಿಗೆ ಮಾತ್ರ ಕನ್ನಡ ಬರುತ್ತಿತ್ತು. ಗಂಡ ಜೊತೆಗೇ ಬಂದಿದ್ದ; ಅವಳ ತಾಯಿ ಮತ್ತು ನಾಲ್ಕು ವರ್ಷದ ಮಗಳು ಊರಿನಲ್ಲೇ ಇದ್ದರು. ಸಂಜೆ ನಮ್ಮ ಜಗಲಿಯಲ್ಲಿ ಕೂತು ಎಲ್ಲರೂ ಟಿವಿ ನೋಡುವುದು ರೂಢಿ. ಆ ವಾರ ಯಾವ ಚಾನೆಲ್ ಹಾಕಿದರೂ ಒಂದೇ ಸುದ್ದಿ: ಅಮೆರಿಕ ಮತ್ತು ಚೀನಾದ ಯುದ್ಧ ಹಡಗುಗಳು ಸಮುದ್ರದಲ್ಲಿ ಎದುರುಬದುರು ನಿಂತಿವೆ. ನಮಗೆ ಆ ಸಮುದ್ರ ದೂರ. ರೂಪಾಲಿಗೆ ಚೀನಾ ದೂರವಲ್ಲ. ಅವಳ ಊರಿನಾಚೆಯ ಗುಡ್ಡಗಳನ್ನು ದಾಟಿದರೆ ಗಡಿ. ಅವಳ ಅಜ್ಜಿ ಹಿಂದೊಮ್ಮೆ ಸೈನ್ಯ ಬರುತ್ತದೆಂದು ಮನೆ ಬಿಟ್ಟು ಓಡಿದವಳಂತೆ.

ಒಂದು ಬೆಳಿಗ್ಗೆ ರೂಪಾಲಿ ಬಂದು, ಎಲ್ಲರೂ ಊರಿಗೆ ಹೊರಡುತ್ತೇವೆ ಎಂದಳು. ಗಿಡದ ತುಂಬ ಹಣ್ಣು ಕೆಂಪಾಗಿ ನಿಂತಿತ್ತು. ಒಂದು ವಾರ ಬಿಟ್ಟರೆ ಉದುರುತ್ತದೆ, ಮೇಲೊಂದು ಮಳೆ ಬಿದ್ದರೆ ಮುಗಿಯಿತು. ನಮ್ಮ ವರ್ಷದ ಅನ್ನ ಅದು. ನಮ್ಮನೆಯವರು ನನ್ನನ್ನು ಒಳಗೆ ಕರೆದು, "ಎಂತಾದ್ರೂ ಹೇಳಿ ನಿಲ್ಸು ಮಾರಾಯ್ತಿ. ಹಡಗಿನೋರು ಜಗಳ ಆಡ್ಲಿ, ನಮ್ಮ ಹಣ್ಣು ಅವ್ರು ಬಂದು ಕುಯ್ತಾರಾ?" ಎಂದರು.

ನಾನು ಹೊರಗೆ ಬಂದು, ಯುದ್ಧದ ದೆಸೆಯಿಂದ ಆ ಕಡೆಯ ರೈಲು ನಿಲ್ಲಿಸಿದ್ದಾರಂತೆ, ಎರಡು ವಾರ ಹೋಗುವ ಹಾಗಿಲ್ಲ ಎಂದೆ. ಪೂಜೆ ಮುಗಿಸಿ ಬಂದ ಬಾಯಿ ಅದು.

ಅವರು ಹೋಗಲಿಲ್ಲ, ನಿಜ. ಆದರೆ ಸಂಜೆ ಚೀಲ ಸುರಿದರೆ ಅರ್ಧಕ್ಕರ್ಧ ಹಸಿರು ಕಾಯಿ. ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ತುಂಬಿದ್ದರು. ಅವರ ಮಧ್ಯಾಹ್ನದ ಅನ್ನ ಹಾಗೇ ಉಳಿದಿತ್ತು. ದೇವರ ಮುಂದೆ ದೀಪ ಹಚ್ಚಿ ಕೈಮುಗಿದರೆ ದಿನವೂ ಹೇಳುವ ಶ್ಲೋಕ ಅರ್ಧಕ್ಕೇ ನಿಂತುಹೋಯಿತು.

ಮರುದಿನ ಹಾಜರಿ ಬರೆಯುವ ಮೊದಲು ಹೇಳಿಬಿಟ್ಟೆ. "ರೈಲು ನಿಂತಿಲ್ಲ ರೂಪಾಲಿ. ನಾನು ಸುಳ್ಳು ಹೇಳ್ದೆ."

ಅವಳು ಬಯ್ಯಲಿಲ್ಲ. ಊರಿಗೆ ಫೋನ್ ಮಾಡಬೇಕು ಎಂದಳಷ್ಟೆ. ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ ಮಾತ್ರ. ಕೆಲಸ ಬಿಟ್ಟು ಅಲ್ಲೇ ಕೂರುತ್ತಾರೆಂದು ಆ ಜಾಗವನ್ನು ನಾನು ಯಾರಿಗೂ ತೋರಿಸುತ್ತಿರಲಿಲ್ಲ. ಆ ದಿನ ಮಂಡಿ ನೋವಿನಲ್ಲೇ ಅವಳ ಜೊತೆ ಹತ್ತಿದೆ.

ಫೋನಿನಲ್ಲಿ ಅವಳ ತಾಯಿ ಅಳುವುದು ನನಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ರೂಪಾಲಿ ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ತಿರುಗಿದಳು. "ಊರಲ್ಲಿ ಏನಿಲ್ಲ ಅಮ್ಮ. ಭತ್ತ ಕುಯ್ತಾ ಇದಾರೆ. ನಮ್ಮಮ್ಮ ಕೇಳ್ತಾಳೆ, ನಿಮ್ ಕಡೆ ಯುದ್ಧ ಶುರು ಆಯ್ತಾ ಅಂತ."

ಹಿಂದಿನ ಮಧ್ಯಾಹ್ನ ಸಾಮಾನಿಗೆಂದು ಕೊಟ್ಟಿಗೆಹಾರಕ್ಕೆ ಹೋದ ಅವಳ ಗಂಡ, ಅಲ್ಲಿಂದ ಊರಿನ ನೆರೆಮನೆಗೆ ಫೋನ್ ಮಾಡಿ, ಯುದ್ಧಕ್ಕೆ ರೈಲು ನಿಂತಿದೆ, ಬರಲಾಗುವುದಿಲ್ಲ ಎಂದಿದ್ದ. ಅಷ್ಟರಲ್ಲಿ ಅವನ ಫೋನಿನ ಚಾರ್ಜ್ ತೀರಿತ್ತು. ಆ ಮುದುಕಿ ಆಗಿನಿಂದ ನೀರೂ ಮುಟ್ಟದೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ಹಡಗುಗಳು ಒಂದು ಗುಂಡೂ ಹಾರಿಸಿರಲಿಲ್ಲ. ನನ್ನ ಜಗಲಿಯಿಂದ ಹೋದ ಮಾತು ಆ ಮನೆಯ ಒಲೆ ಆರಿಸಿತ್ತು.

ತಾಯಿಗೆ ಮುಖ ತೋರಿಸದೆ ಆಗದೆಂದು ರೂಪಾಲಿ, ಅವಳ ಗಂಡ, ಇನ್ನೂ ಮೂವರು ಅವತ್ತೇ ಹೊರಟರು. ದಾರಿಗೆ ಅವಲಕ್ಕಿ ಕಟ್ಟಿಕೊಟ್ಟೆ; ತೆಗೆದುಕೊಂಡಳು, ಅದೇ ದೊಡ್ಡದು. ಉಳಿದ ಏಳು ಜನ ಆದಷ್ಟು ಕುಯ್ದರು. ಉದುರಿದ್ದನ್ನು ನಾವಿಬ್ಬರು ಬಗ್ಗಿ ಬಗ್ಗಿ ಹೆಕ್ಕಿದೆವು. ನನ್ನ ಸೊಂಟ ಅಂದಿನಿಂದ ನೆಟ್ಟಗಾಗಿಲ್ಲ. ಮಳೆ ಬರಲಿಲ್ಲ, ಅಷ್ಟು ಪುಣ್ಯ. ಹಡಗುಗಳು ಯಾವಾಗ ಹಿಂದೆ ಹೋದವೋ ಯಾರೂ ಹೇಳಲಿಲ್ಲ. ಟಿವಿಗೆ ಬೇರೆ ಜಗಳ ಸಿಕ್ಕಿತ್ತು.

ಈಗಲೂ ಆಗಾಗ ಅದೇ ಸುದ್ದಿ ಬರುತ್ತದೆ. ಕೇಳಿ ಕೇಳಿ ಸಾಕಾಗಿದೆ. ದೊಡ್ಡವರ ಯುದ್ಧ ತಡೆಯುವುದು ನನ್ನ ಕೈಯಲ್ಲಿಲ್ಲ. ಹೆದರಿದವರಿಗೆ ಅವರ ಮನೆಯವರ ದನಿ ಕೇಳಿಸುವುದು ಹಾಜರಿಗಿಂತ ಮೊದಲ ಕೆಲಸ ಎಂದು ಆ ಸುಗ್ಗಿ ಕಲಿಸಿತು.

ಮುಂದಿನ ವರ್ಷ ರೂಪಾಲಿ ಬರಲಿಲ್ಲ, ಅವಳ ನಾದಿನಿ ಬಂದಳು. ಬ್ಯಾಗ್ ಇಳಿಸುವ ಮೊದಲೇ, ಫೋನಿನ ಬಂಡೆ ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ರೈಲಿನ ವಿಷಯ ಮಾತ್ರ ಅವಳು ನನ್ನನ್ನು ಕೇಳಲಿಲ್ಲ.