ಚಾಕುವಿನ ದನಿ ಬಲ್ಲ ಹೋಬರ್ಟ್

ಕೆಂಟಕಿಯ ಬೆಟ್ಟಗಳ ನಡುವಿನ ನಮ್ಮ ಟಾಲಿವರ್ ಊರಿನಲ್ಲಿ, ನ್ಯಾಯಾಲಯದ ಮುಂದಿನ ಮೇಪಲ್ ಮರದ ಕೆಳಗೆ ಎರಡು ಉದ್ದನೆಯ ಬೆಂಚುಗಳಿದ್ದವು. ಶನಿವಾರ ಬೆಳಿಗ್ಗೆ ವಯಸ್ಸಾದ ಗಂಡಸರು ಅಲ್ಲಿ ಕೂಡಿ, ಜೇಬಿನಿಂದ ಮಡಿಚುವ ಚಾಕುಗಳನ್ನು ತೆಗೆದು, ಒಬ್ಬರದನ್ನು ಇನ್ನೊಬ್ಬರು ನೋಡಿ, ಹೊಗಳಿ, ಹಳಿದು, ಅದಲುಬದಲು ಮಾಡಿಕೊಳ್ಳುತ್ತಿದ್ದರು. ನಡುನಡುವೆ ದೇವದಾರು ತುಂಡುಗಳನ್ನು ಹೆರೆಯುತ್ತಿದ್ದರು. ಅದರಿಂದ ಏನನ್ನಾದರೂ ಮಾಡಬೇಕೆಂದಲ್ಲ, ಅಲಗು ಹೇಗೆ ಓಡುತ್ತದೆಂದು ತಿಳಿಯಲಿಕ್ಕೆ. ಮಧ್ಯಾಹ್ನದ ಹೊತ್ತಿಗೆ ಅವರ ಬೂಟುಗಳು ಕೆಂಪು ಸಿಪ್ಪೆಯಲ್ಲಿ ಹುದುಗಿಹೋಗಿರುತ್ತಿದ್ದವು.

ಆ ಬೆಂಚಿನ ನಟ್ಟನಡುವಿನ ಜಾಗ ಹೋಬರ್ಟ್ ಟಿಂಡಲ್‌ನದು. ಶಾಲೆಯನ್ನು ಚಳಿಯಲ್ಲಿ ಬೆಚ್ಚಗಿಡುವ ಬಾಯ್ಲರ್‌ಗೆ ಮೂವತ್ತೊಂದು ವರ್ಷ ಕಲ್ಲಿದ್ದಲು ಹಾಕಿ ನಿವೃತ್ತನಾದವನು. ಮದುವೆಯಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಒಬ್ಬನೇ ಅವರೆ ಬೇಯಿಸಿ, ಜೋಳದ ರೊಟ್ಟಿ ಸುಟ್ಟು, ಒಬ್ಬನೇ ಉಣ್ಣುತ್ತಿದ್ದ. ಅವನ ಸಂಸಾರವೆಂದರೆ ಚಾಕುಗಳು. ಅವುಗಳನ್ನು ಅವನು ಜೋಡಿಜೋಡಿಯಾಗಿ ಕೂಡಿಡುತ್ತಿದ್ದ: ಅಜ್ಜಂದಿರ ಕಾಲದ್ದೊಂದು, ಅದೇ ಆಕಾರದಲ್ಲಿ ಇಂದು ತಯಾರಾದದ್ದೊಂದು. ಹಳೆಯದರ ಅಲಗು ತೆಳು, ಉಕ್ಕು ನೀಲಿಗಪ್ಪಾಗಿ ಮಾಗಿದ್ದು, ಮೂಳೆಯ ಹಿಡಿ ಅಂಗೈಗೆ ಸವೆದದ್ದು. ಹೊಸದು ಕನ್ನಡಿಯಂತೆ ಹೊಳೆಯುವುದು, ತೆರೆಯಹೋದರೆ ಉಗುರು ಕಿತ್ತುಬರುವಷ್ಟು ಬಿಗಿ. ಹಾಗೆಂದು ಹೊಸದನ್ನು ಅವನು ಜರೆದವನಲ್ಲ. "ಇವತ್ತಿನವರ ಕೈನೂ ದೇವರೇ ಕೊಟ್ಟಿದ್ದು ಬ್ರದರ್. ಅವಸರ ಮಾತ್ರ ಅವರದ್ದು," ಎಂದು ನನಗೊಮ್ಮೆ ಹೇಳಿದ್ದ. ಭಾನುವಾರ ಚರ್ಚಿನಲ್ಲಿ ಬೋಧಿಸುವ ನಾನು ಅದಕ್ಕಿಂತ ನ್ಯಾಯವಾದ ತೀರ್ಪನ್ನು ಕೊಟ್ಟಿದ್ದು ನೆನಪಿಲ್ಲ.

ಚಾಕು ಮಡಿಚುವಾಗ ಸ್ಪ್ರಿಂಗ್ ಅಲಗನ್ನು ಎಳೆದುಕೊಂಡು 'ಟಕ್' ಎನ್ನುತ್ತದಲ್ಲ, ಆ ದನಿಯೇ ಬೆಂಚಿನವರ ದೊಡ್ಡ ಪರೀಕ್ಷೆ. ಯಾರಾದರೂ ಹೋಬರ್ಟನ ಬೆನ್ನ ಹಿಂದೆ ನಿಂತು ಚಾಕುವನ್ನು ತೆರೆದು ಮಡಿಚಬೇಕು. ಅವನು ಕಣ್ಣು ಮುಚ್ಚಿ, ಹಳೆಯದೋ ಹೊಸದೋ, ಯಾವ ದಶಕದ್ದೆಂದು ಹೇಳಬೇಕು. ನಾನು ಕಂಡಂತೆ ಇಪ್ಪತ್ತು ವರ್ಷದಲ್ಲಿ ಅವನು ತಪ್ಪಿದ್ದು ಎರಡೇ ಸಲ. ದೂರದ ಊರುಗಳಿಂದ ಜನ ಅವನ ಮಾತು ಕೇಳಲು ಬರುತ್ತಿದ್ದರು. ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ಮನುಷ್ಯನನ್ನು ಅಲ್ಲಿ ಹತ್ತು ಜನ ಕರೆಯುತ್ತಿದ್ದರು.

ಆಮೇಲೆ ಅವನು ಚಾಕುವನ್ನು ತನ್ನ ಕೈಗೇ ಕೊಡಿರೆಂದು ಕೇಳತೊಡಗಿದ. "ಹೆಬ್ಬೆರಳು ಇನ್ನೂ ಚೆನ್ನಾಗಿ ಹೇಳುತ್ತೆ," ಎನ್ನುತ್ತಿದ್ದ. ನಾವು ನಂಬಿದೆವು. ಕಿವಿಯೊಳಗಿನ ಸಣ್ಣ ಎಲುಬುಗಳು ಬಿಗಿದುಹೋಗಿವೆ ಎಂದು ಪಟ್ಟಣದ ವೈದ್ಯರು ಹೇಳಿದ್ದನ್ನಾಗಲಿ, ಕಿವಿಗೆ ಯಂತ್ರ ಹಾಕಿಕೊಂಡರೆ ಬೆಂಚಿನಲ್ಲಿ ತನಗೆ ಜಾಗವಿರದೆಂದು ಅವನು ಹೆದರಿದ್ದನ್ನಾಗಲಿ ಆಗ ಯಾರಿಗೂ ಹೇಳಿರಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ, ಮೇ ತಿಂಗಳಲ್ಲೊಂದು ಶನಿವಾರ, ಮರ ಕೊಯ್ಯುವ ಕಾರ್ಖಾನೆಯ ವರ್ಲಿನ್ ಸಗ್ಸ್ ಹಟ ಹಿಡಿದ.

"ಕೈಗೆ ಕೊಡಲ್ಲ ಮುದುಕಪ್ಪಾ. ಕೈಗೆ ಕೊಟ್ರೆ ನಮ್ಮತ್ತೆನೂ ಹೇಳ್ತಾಳೆ. ಮೊದಲಿನ ಹಾಗೆ ಕಣ್ಣು ಮುಚ್ಚು."

"ನಿಮ್ಮತ್ತೆಗೆ ನಿನ್ನನ್ನೇ ಸರಿಯಾಗಿ ನೋಡಿ ಆರಿಸೋಕಾಗಲಿಲ್ಲ, ಚಾಕು ಏನು ಹೇಳ್ತಾಳೋ," ಎಂದು ಹೋಬರ್ಟ್ ಕಣ್ಣು ಮುಚ್ಚಿದ.

ವರ್ಲಿನ್ ಅವನ ಹಿಂದೆ ನಿಂತು ಎರಡೂ ಖಾಲಿ ಅಂಗೈಗಳನ್ನು ನಮಗೆ ತೋರಿಸಿದ. ಸ್ವಲ್ಪ ಹೊತ್ತು ಬಿಟ್ಟು ಹೋಬರ್ಟನ ಹೆಗಲು ತಟ್ಟಿದ.

ಹೋಬರ್ಟ್ ತಲೆ ಓರೆಮಾಡಿ ಯೋಚಿಸಿದ. "ಹಳೇದು. ಮೊದಲನೇ ಮಹಾಯುದ್ಧ ಮುಗಿದ ಆಸುಪಾಸಿಂದು. ಸ್ಪ್ರಿಂಗ್ ಇನ್ನೂ ಗಟ್ಟಿ ಇದೆ. ಯಾರಿಗೂ ಕೊಡಬೇಡ ಅದನ್ನ."

ಎಲ್ಲರೂ ನಕ್ಕರು. ತನ್ನ ತೀರ್ಪಿಗೆ ಮೆಚ್ಚಿ ನಗುತ್ತಿದ್ದಾರೆಂದು ತಿಳಿದು ಅವನೂ ನಕ್ಕ. ಆಮೇಲೆ ಹಿಂದೆ ತಿರುಗಿ ಆ ಖಾಲಿ ಕೈಗಳನ್ನು ನೋಡಿದ. ನಕ್ಕವರಲ್ಲಿ ನಾನೂ ಒಬ್ಬನೆಂಬುದನ್ನು ದೇವರ ಮುಂದೆ ಅಲ್ಲಗಳೆಯಲಾರೆ. ಅವನು ಮೊಣಕಾಲ ಮೇಲಿನ ಸಿಪ್ಪೆ ಕೊಡವಿಕೊಂಡು, ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಮೂರು ಶನಿವಾರ ಬೆಂಚಿಗೆ ಬರಲಿಲ್ಲ, ಮೂರು ಭಾನುವಾರ ಪ್ರಾರ್ಥನೆಗೂ ಬರಲಿಲ್ಲ. ನಾಲ್ಕನೆಯ ವಾರ ವರ್ಲಿನ್, ವಾರದ ದಿನಗಳಲ್ಲಿ ನಾನು ನಡೆಸುವ ಬೀಜದಂಗಡಿಗೆ ಬಂದ.

"ಹೋಬರ್ಟ್ ಕಿವುಡು ಅಂತ ನಂಗೆ ಗೊತ್ತಿರಲಿಲ್ಲ ಬ್ರದರ್, ಪಟ್ಟಣದ ಡಾಕ್ಟರ ಹತ್ರ ಹೋಗಿದ್ದು ಈಗ ತಿಳೀತು. ಜಂಬಕ್ಕೆ ಊಹೆ ಹೊಡೀತಾನೆ ಅಂದ್ಕೊಂಡಿದ್ದೆ."

"ಅದನ್ನ ನನಗಲ್ಲ, ಅವನಿಗೆ ಹೇಳು," ಎಂದೆ. ಆ ಮಧ್ಯಾಹ್ನವೇ ಇಬ್ಬರೂ ಹೋದೆವು.

ಬಾಗಿಲು ತಟ್ಟಿದೆವು, ಉತ್ತರವಿಲ್ಲ. ಜಾಲರಿ ಬಾಗಿಲಿನಿಂದ ಅಡುಗೆಮನೆ ಕಾಣುತ್ತಿತ್ತು. ಮೇಜಿನ ತುಂಬ ಚಾಕುಗಳ ಜೋಡಿಗಳು. ಹೋಬರ್ಟ್ ಒಂದು ಚಾಕುವಿನ ಹಿಡಿಯನ್ನು ಕಿವಿಯ ಕೆಳಗಿನ ದವಡೆಯ ಎಲುಬಿಗೆ ಒತ್ತಿ ಹಿಡಿದು, ನಿಧಾನವಾಗಿ ತೆರೆದು ಮಡಿಚುತ್ತಿದ್ದ. ಒಂದು ಹಳೆಯದು, ಒಂದು ಹೊಸದು, ಮತ್ತೆ ಹಳೆಯದು. ಕಿವಿ ಮುಚ್ಚಿಹೋದವನಿಗೆ ಎಲುಬಿನ ಮೂಲಕ ಆ ದನಿ ತಲುಪುತ್ತಿತ್ತು. ಗಾಢವಾದ ಪ್ರಾರ್ಥನೆಯಲ್ಲಿರುವವರ ಮುಖಗಳನ್ನು ನಾನು ಬಹಳ ಕಂಡಿದ್ದೇನೆ. ಅವನದು ಅಂಥದೇ ಮುಖವಾಗಿತ್ತು. ನಾವು ಇನ್ನೊಮ್ಮೆ ತಟ್ಟಲಾರದೆ ನಿಂತೆವು.

ನಮ್ಮ ನೆರಳು ಮೇಜಿನ ಮೇಲೆ ಬಿದ್ದಾಗ ಎದ್ದು ಬಂದ. ವರ್ಲಿನ್ ಟೋಪಿ ತೆಗೆದು, ತನ್ನ ಬೂಟುಗಳನ್ನೇ ನೋಡುತ್ತ, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ.

"ಏನಂದೆ?" ಎಂದ ಹೋಬರ್ಟ್. "ತಲೆ ಎತ್ತಿ ಮಾತಾಡು."

ವರ್ಲಿನ್ ನನ್ನತ್ತ ನೋಡಿದ. ಅವನ ಪರವಾಗಿ ನಾನು ಆಡಬಹುದಾದ ಮಾತು ಅದಲ್ಲ. ಕಡೆಗೆ ಅವನು ಮುಖವೆತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿದ: "ತಪ್ಪು ಮಾಡ್ದೆ ಹೋಬರ್ಟ್! ನಿನ್ನ ನೋಯಿಸ್ದೆ! ಕ್ಷಮಿಸಿಬಿಡು!" ಪಕ್ಕದ ಮನೆಯ ನಾಯಿ ಬೊಗಳಿತು.

"ಊರಿಗೆಲ್ಲಾ ಕೇಳಿಸಿರುತ್ತೆ," ಎಂದ ಹೋಬರ್ಟ್.

"ನಿನಗೆ ಕೇಳಿಸ್ತಾ?"

"ಅರ್ಧ. ಇನ್ನರ್ಧ ಮುಖದಲ್ಲಿ ಕಾಣಿಸ್ತು. ಕ್ಷಮಿಸಿದೀನಿ, ಒಳಗೆ ಬಾ."

ಕಾಫಿ ಕೊಟ್ಟ. ವರ್ಲಿನ್ ಲೋಟದ ಮೇಲಿಂದ ಅವನ ಕಣ್ಣನ್ನೇ ನೋಡುತ್ತ, ಒಂದೊಂದೇ ಪದ ಬಿಡಿಸಿ ಕೇಳಿದ: "ಶನಿವಾರ, ಬೆಂಚಿಗೆ, ಬರ್ತೀಯಾ?"

ಹೋಬರ್ಟ್ ತನ್ನ ಲೋಟ ಕೆಳಗಿಟ್ಟ. "ಇಲ್ಲ ವರ್ಲಿನ್. ಕೋಪಕ್ಕಲ್ಲ. ನೀವೆಲ್ಲ ನಕ್ಕಾಗ ನಾನು ಮೊದಲು ನಿಮ್ಮ ಮುಖ ನೋಡ್ತೀನಿ, ಆಮೇಲೆ ನಗ್ತೀನಿ. ಎರಡು ವರ್ಷದಿಂದ ಹಂಗೇ. ಅಲ್ಲಿ ನಿಮ್ಮ ಮಧ್ಯೆ ಕೂತಾಗ ಆಗೋ ಒಂಟಿತನ, ಇಲ್ಲಿ ಒಬ್ಬನೇ ಕೂತಾಗ ಆಗಲ್ಲ."

ವರ್ಲಿನ್ ತನ್ನ ಜೇಬಿನ ಚಾಕುವನ್ನು ಮೇಜಿನ ಮೇಲೆ ಅವನತ್ತ ಸರಿಸಿದ. ಹೋಬರ್ಟ್ ಅದನ್ನು ದವಡೆಗೊತ್ತಿ ಮಡಿಚಿ, "ಹೊಸದು. ಹತ್ತು ವರ್ಷ ಬಳಸು, ಪಳಗುತ್ತೆ," ಎಂದು ಹಿಂದಿರುಗಿಸಿದ.

ಮತ್ತೆ ನಾಲ್ಕು ವರ್ಷ ಬದುಕಿದ; ಬೆಂಚಿಗೆ ಬರಲಿಲ್ಲ. ವರ್ಲಿನ್ ಅವನ ಮನೆಗೆ ಹೋಗುತ್ತಿದ್ದ ಶನಿವಾರಗಳಿದ್ದವು, ಹೋಗದ ಶನಿವಾರಗಳೂ ಇದ್ದವು. ಹೋಗದ ದಿನಗಳ ಬಗ್ಗೆ ನಾನು ಬಲ್ಲೆ, ಏಕೆಂದರೆ ಒಂದೆರಡು ಸಲ ಆ ದಾರಿಯಲ್ಲಿ ಹಾದುಹೋಗಿದ್ದೇನೆ. ಹೋಬರ್ಟ್ ಕುರ್ಚಿಯನ್ನು ಬಾಗಿಲಿಗೆ ಮುಖಮಾಡಿ ಇಟ್ಟುಕೊಂಡು ಕುಳಿತಿರುತ್ತಿದ್ದ. ತಟ್ಟಿದರೆ ಕೇಳಿಸದು, ಬಂದರೆ ಕಾಣಲಿ ಎಂದು.